ಹೆಸರಿನ ಕೆಳಗಿನ ಖಾಲಿ ಸಾಲು

ನಾನು ಮುಂಗೋಪಿ. ಇದನ್ನು ಒಪ್ಪಿಕೊಳ್ಳುವುದಕ್ಕೂ ನನಗೆ ಕೋಪ ಬರುತ್ತದೆ. ಆದರೆ ಕೋಪ ಬರಿಸುವವರೂ ಇದ್ದಾರಲ್ಲ! ಬೆಂಗಳೂರಿನಲ್ಲಿ ಯಾರಿಗಾದರೂ ನಿಮ್ಮ ಹೆಸರು ಹೇಳಿ ನೋಡಿ. ಅದು ಕಿವಿಗೆ ಬೀಳುವ ಮೊದಲೇ ‘ಎಲ್ಲಿ ಕೆಲ್ಸ?’ ಎನ್ನುತ್ತಾರೆ. ವಿಮಾನ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಇನ್‌ಸ್ಪೆಕ್ಟರಾಗಿದ್ದಷ್ಟು ದಿನ ಈ ಪ್ರಶ್ನೆ ನನಗೆ ಪಾಯಸ ಕುಡಿದಂತಿತ್ತು. ವಿಮಾನಪುರದ ಕ್ವಾರ್ಟರ್ಸಿನಲ್ಲಿ ನಮಗೆ ಮನೆತನದ ಹೆಸರೇ ಬೇಕಿರಲಿಲ್ಲ. ಪೇಂಟ್ ಶಾಪ್ ಮೂರ್ತಿ, ಸ್ಟೋರ್ಸ್ ಸ್ವಾಮಿ, ಇನ್‌ಸ್ಪೆಕ್ಷನ್ ನಾಗರಾಜ್. ಆ ಮೂರನೆಯವನೇ ನಾನು. ಒಂದು ರಿವೆಟ್ಟು ಕೂದಲೆಳೆಯಷ್ಟು ಓರೆಯಾಗಿದ್ದರೂ ಕೆಂಪು ಚೀಟಿ ಕಟ್ಟಿ ವಾಪಸು ಕಳಿಸುತ್ತಿದ್ದೆ. ಮನೆಯಲ್ಲಿ ದೋಸೆಯನ್ನೂ ಹಾಗೇ ತಿರುವಿಹಾಕಿ ನೋಡುತ್ತಿದ್ದೆನೆಂದು ನನ್ನ ಹೆಂಡತಿ ಸರೋಜ ಇಂದಿಗೂ ಆಡಿಕೊಳ್ಳುತ್ತಾಳೆ.

ನಿವೃತ್ತನಾಗಿ, ಕ್ವಾರ್ಟರ್ಸ್ ಬಿಟ್ಟು, ಲಿಂಗರಾಜಪುರದ ಮನೆಗೆ ಬಂದೆವು. ಒಂದು ಮಧ್ಯಾಹ್ನ, ಇನ್ನೂ ಸರ್ವೀಸಿನಲ್ಲಿರುವ ಮೂರ್ತಿಯ ಜೊತೆ ಕ್ಯಾಂಟೀನಿನಲ್ಲಿ ಊಟ ಮಾಡೋಣವೆಂದು ಕಾರ್ಖಾನೆಗೆ ಹೋದೆ. ದಿನಾ ನನಗೆ ಸಲಾಮು ಹೊಡೆಯುತ್ತಿದ್ದ ಅದೇ ಸೆಕ್ಯುರಿಟಿಯವನು ಗೇಟಿನಲ್ಲಿ, ‘ಯಾರ್ ಬೇಕಿತ್ತು ಸಾರ್?’ ಎಂದ. ವಿಸಿಟರ್ ಪುಸ್ತಕ ತೆಗೆದು ನನ್ನ ಹೆಸರು ಬರೆದ. ‘ಸಂಸ್ಥೆ’ ಎನ್ನುವ ಕಾಲಮ್ಮಿಗೆ ಬಂದಾಗ ಪೆನ್ನು ನಿಲ್ಲಿಸಿ, ‘ಈಗ ಎಲ್ಲೂ ಇಲ್ಲ ಅಲ್ವಾ ಸಾರ್?’ ಎಂದು ಒಂದು ಅಡ್ಡಗೆರೆ ಎಳೆದ. ಮೈಯೆಲ್ಲ ಉರಿದುಹೋಯಿತು. ಊಟವೂ ಬೇಡ, ಏನೂ ಬೇಡ ಎಂದು ಬಂದ ದಾರಿಗೆ ಸುಂಕವಿಲ್ಲದೆ ಮನೆಗೆ ಬಂದೆ. ನೀವು ನನಗೆ ಗೆರೆ ಎಳೆದರೆ ನಾನೂ ನಿಮಗೆ ಎಳೆಯುತ್ತೇನೆ, ಇನ್ನು ಮೇಲೆ ನಾನು ನಾಗರಾಜ, ಅಷ್ಟೇ, ಎಂದು ಅವತ್ತೇ ತೀರ್ಮಾನಿಸಿದೆ.

ಆ ಪೌರುಷ ತೋರಿಸುವ ಅವಕಾಶ ಮಗಳ ಮದುವೆಯಲ್ಲಿ ಬಂತು. ನಮ್ಮಲ್ಲಿ ಲಗ್ನಪತ್ರಿಕೆ ಎಂದರೆ ಅರ್ಧ ಆಹ್ವಾನ, ಅರ್ಧ ಬಯೋಡೇಟಾ. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಹುದ್ದೆ ಇರಲೇಬೇಕು. ಶಿವಾಜಿನಗರದ ಕಾರ್ಡ್ ಅಂಗಡಿಯ ಮುನೀರ್ ಭಾಯ್ ತೋರಿಸಿದ ಪ್ರೂಫಿನಲ್ಲಿ ನನ್ನ ಹೆಸರಿನ ಕೆಳಗೆ ‘ನಿವೃತ್ತ ಸೀನಿಯರ್ ಇನ್‌ಸ್ಪೆಕ್ಟರ್’ ಎಂದಿತ್ತು. ‘ಇದನ್ನ ತೆಗೀರಿ’ ಎಂದೆ.

‘ಖಾಲಿ ಬಿಟ್ರೆ ಹೆಂಗೆ ಸಾರ್? ಗಂಡಿನ ಕಡೆ ನೋಡಿ, ಚಿಕ್ಕಪ್ಪನ ಅಳಿಯಂಗೂ ಅಸಿಸ್ಟೆಂಟ್ ಮ್ಯಾನೇಜರ್ ಅಂತ ಹಾಕ್ಸವ್ರೆ. ಇಜ್ಜತ್ ಪ್ರಶ್ನೆ ಸಾರ್. ಇದು ಬೇಡಾಂದ್ರೆ ಬೇರೆ ಏನಾದ್ರೂ ಹೇಳಿ, ಹಾಕ್ಬಿಡ್ತೀನಿ. ಸಂಘ, ಭಜನೆ, ಸಂಗೀತ?’

ಒಂದೊಂದಾಗಿ ಎಣಿಸಿ ನೋಡಿದೆ. ಹಾಡು ಬರುವುದಿಲ್ಲ. ಅಡುಗೆಮನೆಯಲ್ಲಿ ಸಕ್ಕರೆ ಡಬ್ಬ ಯಾವುದೆಂದು ಗೊತ್ತಿಲ್ಲ. ಚೆಸ್ ಆಡಲು ಕೂತರೆ ಎದುರಿಗಿರುವವನ ತಪ್ಪು ಎಣಿಸುತ್ತ ನನ್ನ ಆಟ ಮರೆಯುತ್ತೇನೆ. ಬೆಳಿಗ್ಗೆ ಹಲಸೂರು ಕೆರೆಯ ಕಡೆ ವಾಕಿಂಗ್ ಹೋಗುತ್ತೇನೆ, ನಿಜ. ಅಷ್ಟನ್ನು ಅಲ್ಲಿನ ಬೀದಿನಾಯಿಗಳೂ ಮಾಡುತ್ತವೆ. ಅರವತ್ತು ದಾಟಿದ ಗಂಡಸು ತಾನು ಯಾರೆಂದು ಕಾರ್ಡ್ ಅಂಗಡಿಯ ಸ್ಟೂಲಿನ ಮೇಲೆ ಕೂತು ಯೋಚಿಸುವ ಹಣೆಬರಹ ಬಂತಲ್ಲ ಎಂದು ಸಿಟ್ಟು ನೆತ್ತಿಗೇರಿತು. ಹೆದರಿಕೆಯೂ ಆಯಿತು. ಅದನ್ನು ಮುಚ್ಚಿಕೊಳ್ಳಲು ಇನ್ನಷ್ಟು ಜೋರಾಗಿ, ‘ಹೆಸರು ಸಾಲ್ದೇನ್ರೀ? ಅಪ್ಪ ಅಮ್ಮ ಇಟ್ಟಿದ್ದು ಅದೊಂದೇ!’ ಎಂದು ಕೂಗಾಡಿದೆ. ಮುನೀರ್ ಭಾಯ್ ಪಾಪ, ‘ಆಯ್ತು ಸಾರ್, ಆಯ್ತು, ಚಾಯ್ ಕುಡೀರಿ’ ಎಂದು ಆ ಸಾಲು ಅಳಿಸಿದರು.

ಕಾರ್ಡು ಬಂದ ಮೇಲೆ ಅಕ್ಷತೆ, ಕುಂಕುಮ ಹಿಡಿದು ಮೊದಲು ಹೋದದ್ದು ಇಂದಿರಾನಗರಕ್ಕೆ, ಸರೋಜಳ ತಮ್ಮ ರಮೇಶನ ಮನೆಗೆ. ಕೆಳಗಿನ ಅಂತಸ್ತನ್ನು ಪಬ್ಬಿಗೆ ಬಾಡಿಗೆಗೆ ಕೊಟ್ಟು ಮೇಲೆ ಆರಾಮಾಗಿರುವ ಆಸಾಮಿ. ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ, ದನಿ ತಗ್ಗಿಸಿ, ‘ಭಾವ, ನಿಮ್ಮ ಹೆಸರಿನ ಕೆಳಗೆ ಏನೂ ಇಲ್ವಲ್ಲ. ಕೊನೇಲಿ ಏನಾದ್ರೂ ಎನ್‌ಕ್ವೈರಿ ಗಿನ್‌ಕ್ವೈರಿ ಆಯ್ತಾ?’ ಎಂದ.

‘ಎನ್‌ಕ್ವೈರಿ? ನಂಗಾ? ಸೀನಿಯರ್ ಇನ್‌ಸ್ಪೆಕ್ಟರ್ ಕಣಯ್ಯಾ ನಾನು! ನನ್ನ ಸಹಿ ಇಲ್ದೆ ಒಂದು ರೆಕ್ಕೆ ಶೆಡ್ ದಾಟ್ತಿರ್ಲಿಲ್ಲ!’ ಕಾರ್ಡಿನಲ್ಲಿ ಒಂದು ಸಾಲಿಗೆ ಮುಗಿಯುತ್ತಿದ್ದುದನ್ನು ಅರ್ಧ ಗಂಟೆ ಬಡಬಡಿಸಿದೆ. ಕೆಳಗೆ ಪಬ್ಬಿನ ಅಡುಗೆಯವರು ಕತ್ತೆತ್ತಿ ನೋಡುತ್ತಿದ್ದರು.

ಆಟೋದಲ್ಲೂ ನನ್ನ ಗೊಣಗಾಟ ನಿಲ್ಲಲಿಲ್ಲ. ಸರೋಜ ಅಕ್ಷತೆಯ ಬಟ್ಟಲನ್ನು ಮಡಿಲಲ್ಲಿ ಸರಿಮಾಡಿಕೊಂಡು, ‘ಸಾಕು, ಸುಮ್ನಿರ್ರೀ. ಒಂದು ಕಾರ್ಡಲ್ಲಿ ಖಾಲಿ ಇದ್ದಿದ್ದಕ್ಕೆ ಇಷ್ಟೊಂದು ಕುಣೀತಿದೀರಾ. ನನ್ನ ಹೆಸರಿನ ಕೆಳಗೆ ಏನಿದೆ, ನೋಡಿದೀರಾ?’ ಎಂದಳು.

ಕಾರ್ಡು ತೆಗೆದು ನೋಡಿದೆ. ‘ಶ್ರೀಮತಿ ಸರೋಜ.’ ಕೆಳಗೆ ಏನೂ ಇರಲಿಲ್ಲ. ಆ ಪ್ರೂಫನ್ನು ನಾನು ಮೂರು ಸಲ ಓದಿದ್ದೆ.

‘ಗೃಹಪ್ರವೇಶ, ನಾಮಕರಣ, ಇದುವರ್ಗೂ ಅಚ್ಚು ಹಾಕ್ಸಿದ ಎಲ್ಲಾ ಕಾರ್ಡಲ್ಲೂ ಖಾಲೀನೇ. ಎನ್‌ಕ್ವೈರಿನಾ ಅಂತ ಒಬ್ರೂ ಕೇಳ್ಲಿಲ್ಲ.’

‘ಹಾಗಾದ್ರೆ ಏನು ಹಾಕಿಸ್ಬೇಕಿತ್ತು?’ ಎಂದು ಸಿಡುಕಿದೆ.

‘ಕೇಳಿದ್ರೆ ತಾನೇ ಯೋಚ್ನೆ ಮಾಡೋದು’ ಎಂದು ಅವಳು ರಸ್ತೆಯ ಕಡೆ ಮುಖ ತಿರುಗಿಸಿದಳು.

ಮುಂದಿನ ಮನೆ ಹಲಸೂರಿನಲ್ಲಿ, ಕ್ವಾರ್ಟರ್ಸ್ ಬಿಟ್ಟು ಬಂದಿದ್ದ ಪೇಂಟ್ ಶಾಪ್ ಮೂರ್ತಿಯದು. ‘ಟೈಮ್ ಹೆಂಗ್ ಕಳೀತೀಯಾ ಗುರು?’ ಎಂದು ಮೂರ್ತಿ ನನ್ನನ್ನು ಕೇಳಿದ. ‘ಬೇಜಾರಾಗಲ್ವಾ ಅಣ್ಣಾ?’ ಎಂದು ಅವನ ಹೆಂಡತಿಯೂ ನನ್ನನ್ನೇ ಕೇಳಿದಳು. ಸರೋಜಳನ್ನು ಯಾರೂ ಏನೂ ಕೇಳಲಿಲ್ಲ. ನನಗೆ ಕೆಂಡದಂಥ ಕೋಪ ಬಂತು. ಯಾರನ್ನು ಹಿಡಿದು ಬಯ್ಯಲಿ ಎಂದು ಸುತ್ತ ನೋಡಿದೆ. ಮೂವತ್ತೊಂದು ವರ್ಷ ಸರೋಜಳ ಜೊತೆ ಸಂಸಾರ ಮಾಡಿಯೂ ಅವಳನ್ನು ಒಂದು ಮಾತು ಕೇಳದವನು ಅಲ್ಲೇ ಸೋಫಾದ ಮೇಲೆ ಕೂತು ಚಕ್ಕುಲಿ ತಿನ್ನುತ್ತಿದ್ದ.