ಬಲಗೈ ಮಾತ್ರ ಕೇಳಬೇಡಿ, ಡಾಕ್ಟ್ರೇ

ಆಸ್ಪತ್ರೆಯಲ್ಲಿ ಒಳ್ಳೆಯ ರೋಗಿ ಅನ್ನಿಸಿಕೊಳ್ಳುವವರನ್ನು ಕಂಡರೆ ನನಗಾಗುವುದಿಲ್ಲ. ಚುಚ್ಚುತ್ತೇನೆ ಅಂದ ಕಡೆ ಚುಚ್ಚಿಸಿಕೊಂಡು, ಮಲಗಿ ಅಂದಾಗ ಮಲಗಿ, ಮನೆಗೆ ಬಂದು ಡಾಕ್ಟರನ್ನು ಹೊಗಳುವ ಜಾತಿ ನನ್ನದಲ್ಲ. ಹೃದಯದ ರಕ್ತನಾಳ ಒಂದು ಕಡೆ ಕಟ್ಟಿಕೊಂಡಿದೆ, ಸ್ಟೆಂಟ್ ಹಾಕಬೇಕು ಅಂದರು. ಹಾಕಿ ಅಂದೆ, ಅದರಲ್ಲಿ ತಕರಾರಿರಲಿಲ್ಲ. ಬಲಗೈ ಮಣಿಕಟ್ಟಿನ ನಾಳದಿಂದ ತೂರಿಸುತ್ತೇವೆ ಅಂದಾಗ ಮಾತ್ರ ಹಾಸಿಗೆಯ ಮೇಲೆ ಎದ್ದು ಕೂತೆ.

ಕಾರಣವಿತ್ತು. ಮಾವಳ್ಳಿಯಲ್ಲಿರುವ ನನ್ನ ತಂಗಿಗೆ ಹೋದ ವರ್ಷ ಇದೇ ಚಿಕಿತ್ಸೆ ಬಲಗೈಯಿಂದ ಆಯಿತು. ಕೆಲವು ದಿನ ಆ ಕೈಯಲ್ಲಿ ಭಾರ ಎತ್ತಬೇಡಿ ಅಂದಿದ್ದರು. ಅಷ್ಟರಲ್ಲಿ ಸೊಸೆ ಸೌಟು ಹಿಡಿದಳು. ಕೈ ವಾಸಿಯಾಯಿತು, ಸೌಟು ವಾಪಸು ಬರಲಿಲ್ಲ. ಈಗ ತಂಗಿ ನಡುಮನೆಯಲ್ಲಿ ಕೂತು ಕೊತ್ತಂಬರಿ ಸೊಪ್ಪು ಬಿಡಿಸಿಕೊಡುತ್ತಾಳೆ. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಸೊಸೆಯಿಲ್ಲ, ಯಜಮಾನರಿದ್ದಾರೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಇವರಿಗೆ ಅಡುಗೆಯ ಗಂಧಗಾಳಿಯಿಲ್ಲ. ಇಲ್ಲದ ಹಾಗೆ ನಾನೇ ನೋಡಿಕೊಂಡಿದ್ದೇನೆ. ಮೂವತ್ತೆಂಟು ವರ್ಷ ನನ್ನ ಸಾರಿಗಾಗಿ ಕಾದು ಕೂತ ಮನುಷ್ಯ, ನಾನು ಮಾಡದಿದ್ದರೂ ಉಣ್ಣಬಹುದು ಎಂದು ಕಂಡುಕೊಂಡರೆ ನನ್ನ ಗತಿಯೇನು? ನಿಜ ಹೇಳಬೇಕೆಂದರೆ ಸ್ಟೆಂಟಿಗಿಂತ ನನಗೆ ಅದರದ್ದೇ ಭಯ.

“ಎಡಗೈ ತಗೊಳ್ಳಿ ಡಾಕ್ಟ್ರೇ,” ಅಂದೆ.

ಮಗನ ವಯಸ್ಸಿನ ಡಾಕ್ಟರು ನಕ್ಕರು. “ನಾವು ನಿಲ್ಲೋದು ಬಲಗಡೆ ಅಮ್ಮ. ಎಡಗೈ ಆದ್ರೆ ನಿಮ್ಮ ಮೇಲೆ ಬಗ್ಗಿ ಕೆಲಸ ಮಾಡ್ಬೇಕು. ನನ್ನ ಸೊಂಟ ಹೋಗುತ್ತೆ.”

“ನಿಮ್ಮ ಸೊಂಟಕ್ಕೋಸ್ಕರ ನನ್ನ ಅಡುಗೆಮನೆ ಬಿಟ್ಕೊಡ್ಲಾ?”

“ತೊಡೆಯಿಂದಾನೂ ಹೋಗ್ಬಹುದು. ಆಮೇಲೆ ಗಂಟೆಗಟ್ಲೆ ಕಾಲು ಮಡಿಸದೆ ಅಂಗಾತ ಮಲಗಿರ್ಬೇಕು. ರಕ್ತ ಸೋರೋ ಭಯಾನೂ ಜಾಸ್ತಿ.”

“ಬೇಡ. ಇನ್ನೇನಿದೆ, ತೋರ್ಸಿ,” ಅಂದೆ, ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಕೂತವಳ ಹಾಗೆ.

ಇವರು ಪಕ್ಕದಲ್ಲಿ ನಿಂತು, “ಸುಮ್ನಿರೇ, ಅವರು ಓದಿರೋರು,” ಎಂದು ಪಿಸುಗುಟ್ಟಿದರು. ನಾನು ಸುಮ್ಮನಿರಲಿಲ್ಲ.

ಕೊನೆಗೆ ಡಾಕ್ಟರು ನನ್ನ ಎಡಗೈ ಹೆಬ್ಬೆರಳು ಎತ್ತಿಸಿ, ಅದರ ಬುಡದಲ್ಲಿ ಕೈಯ ಹಿಂಬದಿಗೆ ಬೀಳುವ ಗುಳಿಯನ್ನು ಒತ್ತಿ ನೋಡಿದರು. ಮಣಿಕಟ್ಟಿನ ನಾಳವೇ ಅಲ್ಲಿಯೂ ಹಾದುಹೋಗುತ್ತದಂತೆ. ಅಲ್ಲಿ ಅದು ಸಣ್ಣದು, ಸೂಜಿ ಹಾಕುವುದು ಕಷ್ಟ. ಆದರೆ ನಾನು ಆ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡರೆ ಅವರು ಅಷ್ಟೊಂದು ಬಗ್ಗಬೇಕಾಗಿಲ್ಲ. ಆ ಗುಳಿಗೆ ಅವರ ಪುಸ್ತಕದಲ್ಲಿ ನಶ್ಯದ ಡಬ್ಬಿ ಎಂದೇ ಹೆಸರಂತೆ. ನಮ್ಮ ತಾತ ಅಲ್ಲಿಗೇ ನಶ್ಯ ಸುರಿದುಕೊಂಡು ಏರಿಸಿ, ಬಸವನಗುಡಿಗೆ ಕೇಳುವ ಹಾಗೆ ಸೀನುತ್ತಿದ್ದರು. ಡಾಕ್ಟರು ಕಾಲೇಜಿಗೆ ಹೋಗಿ ಕಲಿತ ಜಾಗ ನಮ್ಮ ಮನೆಯಲ್ಲಿ ದಿನಾ ಬಳಕೆಯಲ್ಲಿತ್ತು. “ಅಲ್ಲೇ ಹಾಕಿ,” ಎಂದು ಅಪ್ಪಣೆ ಕೊಟ್ಟೆ.

ಸ್ಟೆಂಟ್ ಸಲೀಸಾಗಿ ಕೂತಿತು. ಬಲಗೈ ಬೀಸಿಕೊಂಡು ಮನೆಗೆ ಬಂದೆ. ಆದರೆ ಹೊರಡುವಾಗ ಡಾಕ್ಟರು ಇವರ ಕಿವಿಯಲ್ಲಿ ಹೇಳಿದ್ದರಂತೆ: “ಯಾವ ಕೈ ಆದ್ರೂ ಅಷ್ಟೇ ಸಾರ್, ಅಮ್ಮ ಎರಡು ದಿನ ಒಲೆ ಹತ್ರ ಹೋಗೋ ಹಾಗಿಲ್ಲ.” ಇವರು ಅಡುಗೆಮನೆಯ ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟು ಒಳಗೆ ಸೇರಿಕೊಂಡರು. ನಾನು ಹೊರಗಿನಿಂದ ಕೂಗಾಡಿದೆ. ಇಂಗು ಎಲ್ಲಿದೆ ಎಂದು ಕೇಳಿದರು, ಹೇಳಲಿಲ್ಲ. ಒಂದೊಂದೇ ಡಬ್ಬ ಮೂಸಿ ನೋಡಿ ಹುಡುಕಿಕೊಂಡರು.

ಸಾರು ಬಂತು. ಅನ್ನಕ್ಕೆ ಕಲಸಿಕೊಂಡೆ.

“ಹೇಗಿದೆಯೇ?”

“ಹುಳಿ ಮುಂದು,” ಅಂದೆ. ಹುಳಿ ಸರಿಯಾಗಿತ್ತು. ಅಷ್ಟು ಜಗಳವಾಡಿ ಉಳಿಸಿಕೊಂಡ ಬಲಗೈಯಿಂದ ತಟ್ಟೆಯನ್ನು ಇವರ ಮುಂದೆ ತಳ್ಳಿದೆ, ಇನ್ನೊಂದು ಸೌಟು ಹಾಕಲಿ ಎಂದು.