ಶರಣಬಸಪ್ಪನವರ ತಲೆಯೊಳಗಿನ ಕಾವಲುಗಾರರಿಗೆ ಕಡೆಯ ಎಚ್ಚರಿಕೆ

ಮಿದುಳು ಕಾವಲು ಹಾಗೂ ಕಸ ವಿಲೇವಾರಿ ಇಲಾಖೆ
ತಲೆಬುರುಡೆ ಕಚೇರಿ, ಘಾಟ್ಕೋಪರ್

ಸಂಖ್ಯೆ: ಮಿ.ಕಾ.ಕ/ಮರೆವು/ನೆನಪಿದ್ದಷ್ಟು

ವಿಷಯ: ಕಸದ ಜೊತೆ ಮನೆಯ ವೈರಿಂಗನ್ನೂ ತಿನ್ನುತ್ತಿರುವ ಕುರಿತು.

ಉಲ್ಲೇಖ: ಧರ್ಮಪತ್ನಿ ಚಂದ್ರವ್ವ ಅವರ ಮೌಖಿಕ ದೂರು: "ಇಷ್ಟ್ ವರ್ಷ ಬಾಳೇವು ಮಾಡಿದಾಕಿನ್ನ ಹಿಡದು, 'ಯಾರ್ ಬೇಕಾಗಿತ್ರಿ ಬಾಯಾರ' ಅಂತಾರ!"

ಶರಣಬಸಪ್ಪನವರು ಹುಟ್ಟುವ ಮೊದಲೇ ಅವರ ತಲೆಗೆ ವಲಸೆ ಬಂದು ನೆಲೆಸಿರುವ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳಿಗೆ ಈ ಮೂಲಕ ಸೂಚಿಸುವುದೇನೆಂದರೆ:

೧. ರೋಗಾಣು ಹೊಕ್ಕರೆ ಹಿಡಿಯುವುದು, ಸತ್ತ ಕೋಶ, ಕೆಟ್ಟ ಪ್ರೋಟೀನು ಬಳಿದು ನುಂಗುವುದು ತಮ್ಮ ಕೆಲಸ. ಆ ಪ್ರೋಟೀನು ಗಡ್ಡೆ ಕಟ್ಟುವವರೆಗೂ ತಾವು ಹೌಸಿಂಗ್ ಸೊಸೈಟಿಯ ವಾಚ್‌ಮನ್‌ನಂತೆ ಕುರ್ಚಿಯಲ್ಲಿ ತೂಕಡಿಸಿದ್ದು ಇಲಾಖೆಯ ಗಮನಕ್ಕೆ ಬಂದಿದೆ.

೨. ಈಗ ಎಚ್ಚರಾದವರು ಮಲಗುವ ಮಾತೇ ಇಲ್ಲ. ಕಳ್ಳ ಹೋದ ಮೇಲೂ ಸೀಟಿ ಊದುತ್ತ, ಉರಿಯೂತದ ರಸಾಯನ ಚೆಲ್ಲಿ ನೆರೆಯ ನರಕೋಶಗಳನ್ನೇ ಸುಡುತ್ತಿದ್ದೀರಿ. ಊದಿದ ಸೀಟಿಯನ್ನು ವಾಪಸು ಒಳಗೆಳೆದುಕೊಳ್ಳತಕ್ಕದ್ದು.

೩. ನರಕೋಶಗಳ ನಡುವಿನ ಕೊಂಡಿಗಳು ಕಸವಲ್ಲ. ಸ್ಟೇಶನ್ನಿನಿಂದ ಮನೆಗೆ ಬರುವ ದಾರಿಯನ್ನು ತಾವು ತಿಂದ ಕಾರಣ ಸದರಿಯವರು ಬೇರೆಯೇ ಲೋಕಲ್ ರೈಲು ಮಾರ್ಗದ ವಿಲೆ ಪಾರ್ಲೆಯಲ್ಲಿ ಸಿಕ್ಕಿರುತ್ತಾರೆ. ತಿಂದ ದಾರಿಯನ್ನು ತಿರುವುಗಳ ಸಮೇತ ಹಿಂದಿರುಗಿಸತಕ್ಕದ್ದು.

೪. ಮೊಮ್ಮಗಳು ಶೀತಲ್‌ಳ ಹೆಸರನ್ನು ತಿಂದವರು ಯಾರು? "ಎಲ್ಲರೂ ಕೂಡಿ ತಿಂದೆವು" ಎಂಬ ಸಬೂಬು ನಡೆಯದು. ಇನ್ನು ಮುಂದೆ ಯಾವುದೇ ಹೆಸರನ್ನು ತಿನ್ನುವ ಮುನ್ನ ಆ ಹೆಸರಿನ ಲಿಖಿತ ಒಪ್ಪಿಗೆ ಪಡೆಯತಕ್ಕದ್ದು.

೫. ಮದುವೆಯ ದಿನ ಚಾಳಿನ ಹೊಸ್ತಿಲಲ್ಲಿ ಹೇಳಿದ ಒಡಪು ಮಾತ್ರ ಹಿಂದಿನ ಮೂಲೆಯಲ್ಲಿ ಇನ್ನೂ ಉಳಿದಿದೆ. ಗಂಡಹೆಂಡತಿ ಪರಸ್ಪರರ ಹೆಸರನ್ನು ಬರಿದೇ ಕೂಗದೆ ಪ್ರಾಸಕ್ಕೆ ಕಟ್ಟಿ ಹೇಳುವ ಪದ್ಧತಿಯಿಂದಾಗಿ ಹೆಂಡತಿಯ ಹೆಸರು ಅದರೊಳಗೆ ಅಡಗಿ ತಮ್ಮ ಬಾಯಿಗೆ ಸಿಕ್ಕಿಲ್ಲ. "ಲೋಕಲ್ ಬಂತು ಧಡ್ ಅಂತ, ಚಹಾ ಉಕ್ಕಿತು ಬುಸ್ ಅಂತ" ಎಂದು ಆಕೆ ಎತ್ತಿಕೊಟ್ಟರೆ, "ನನ್ನಾಕಿ ಹೆಸರು ಚಂದ್ರವ್ವ ಅಂತ!" ಎಂದು ಇವರು ಮುಗಿಸುತ್ತಾರೆ. ಸದರಿ ಒಡಪಿಗೆ ಹಲ್ಲು ತಾಗಿಸುವುದನ್ನು ನಿಷೇಧಿಸಲಾಗಿದೆ.

೬. ಹಲ್ಲಿಲ್ಲದ ಕೋಶಗಳಿಗೂ ಇದು ಅನ್ವಯಿಸುತ್ತದೆ.

೭. ಈ ಸುತ್ತೋಲೆಯನ್ನು ನೆನಪಿಡತಕ್ಕದ್ದು. ನೆನಪಿಡುವ ಜಾಗವನ್ನೇ ತಿಂದಿದ್ದಲ್ಲಿ, ರುಚಿ ಹೇಗಿತ್ತೆಂದು ವರದಿ ಸಲ್ಲಿಸತಕ್ಕದ್ದು.

ಸಹಿ/-
ಅಧೀಕ್ಷಕರು (ಹುದ್ದೆ ಖಾಲಿ ಇದೆ)

ಪ್ರತಿಗಳು:
ಪಕ್ಕದ ಖೋಲಿಯ ರಮಾನಾಥ ಅವರಿಗೆ, "ವಯಸ್ಸಾತು, ಇನ್ನೇನ್ರಿ" ಎನ್ನುವುದನ್ನು ನಿಲ್ಲಿಸಲು.
ಔಷಧ ಹುಡುಕುತ್ತಿರುವ ಪಂಡಿತರಿಗೆ, ಇಲಿಯ ತಲೆಯಲ್ಲಿ ಗೆದ್ದ ಸುದ್ದಿ ತಲುಪಿದೆ, ಇವರು ಇಲಿಯಲ್ಲ.
ಚಂದ್ರವ್ವ ಅವರಿಗೆ, ಚಹಾ ಉಕ್ಕುವ ಹೊತ್ತಿಗೆ ಮೊದಲೆರಡು ಸಾಲು ತಪ್ಪದೆ ಎತ್ತಿಕೊಡಲು. ಮೂರನೆಯದು ಬಾರದ ದಿನ, ಪದ್ಧತಿಯನ್ನು ಸಡಿಲಿಸಿ, ಗಂಡನ ಹೆಸರನ್ನು ಪ್ರಾಸವಿಲ್ಲದೆ ಜೋರಾಗಿ ಕೂಗಲು ಅನುಮತಿ ನೀಡಲಾಗಿದೆ.