ಹೇಳಿದ ಸುಳ್ಳನ್ನೇ ಮತ್ತೆ ಹೇಳೆಂದ ಕಂಪ್ಯೂಟರಿಗೆ

ನಮ್ಮ ಮನೆಯ ಹಾಲಿನ ಮೂಲೆಯಲ್ಲಿ, ಕಸೂತಿ ಬಟ್ಟೆ ಹೊದ್ದು ಮೇಜಿನ ಮೇಲೆ ವಿರಾಜಮಾನರಾಗಿರುವ ಕಂಪ್ಯೂಟರ್ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ಎರಡನೇ ಕ್ಲಾಸಿನಲ್ಲಿದ್ದಾಗಲೇ ಬೀಡಿ ಕಟ್ಟಿನ ಕಾಗದದ ಹಿಂದೆ ಕಬಿನಿ ಅಣೆಕಟ್ಟೆಯ ನಕ್ಷೆ ಬರೆದು ಎಂಜಿನಿಯರುಗಳ ಕೈಗೆ ಕೊಟ್ಟು, ಇನ್ನು ನೀವು ಕಟ್ಟಿಕೊಳ್ಳಿ ಎಂದು ಹೇಳಿ ಗೋಲಿ ಆಡಲು ಹೋದವನಾದ ದೇವನೂರಿನ ಪುಟ್ಟಬಸವಯ್ಯನು ಮಾಡುವ ಅನಂತ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ತಾವೂ ಸ್ಟೆಬಿಲೈಸರಿನ ಆಶ್ರಯದಲ್ಲಿ ಕ್ಷೇಮವಾಗಿದ್ದೀರಿ ಎಂದು ಭಾವಿಸಿ, ತಾವು ನನ್ನನ್ನು ಹನ್ನೊಂದು ದಿನ ಹೊರಗೆ ನಿಲ್ಲಿಸಿದ ವಿಚಾರವನ್ನು ಊರಿನವರೆಲ್ಲರ ಎದುರಿಗೆ ತಮ್ಮ ಗಮನಕ್ಕೆ ತರಬಯಸುತ್ತೇನೆ.

ಬನ್ನೂರಿಗೆ ಕೊಟ್ಟಿರುವ ನಮ್ಮ ಅಕ್ಕ ಮಲ್ಲಾಜಮ್ಮ ಸೋಬಾನೆ ಹೇಳಲು ಕೂತಳೆಂದರೆ, ಚಪ್ಪರದೊಳಗಿನ ಹೆಣ್ಣು ತಾನೇ ಮದುವಣಗಿತ್ತಿಯೆಂಬುದನ್ನು ಮರೆತು ದನಿಗೂಡಿಸುತ್ತಿದ್ದದ್ದು ಎರಡು ತಾಲ್ಲೂಕಿಗೂ ಗೊತ್ತು. ಹೋದ ವರ್ಷ ಗಂಟಲಿನ ಆಪರೇಷನ್ ಆದ ಮೇಲೆ ಅವಳಿಗೆ ಮಾತು ಉಳಿಯಿತು, ರಾಗ ಹೋಯಿತು. ಅದಕ್ಕೆ ಮುಂಚೆ ಅವಳ ಮೊಮ್ಮಗಳು ರಮ್ಯ ಮೂವತ್ತೇಳು ಹಾಡುಗಳನ್ನು ಮೊಬೈಲಿನಲ್ಲಿ ಹಿಡಿದು ತಂದು ತಮ್ಮೊಳಗೆ ತುಂಬಿಸಿದ್ದಳು. ಆ ಮೊಬೈಲು ಆಮೇಲೆ ನಾಲೆಗೆ ಬಿದ್ದು ತೀರಿಕೊಂಡಿತು. ಹಾಗಾಗಿ ಅಕ್ಕನ ದನಿ ಎಂಬುದು ಈ ಭೂಮಿಯ ಮೇಲೆ ಉಳಿದಿದ್ದು ತಮ್ಮ ಹೊಟ್ಟೆಯಲ್ಲಿ ಮಾತ್ರ.

ನನ್ನ ತಪ್ಪೇನೂ ಇಲ್ಲವೆಂದಲ್ಲ. ರಮ್ಯ ನನ್ನ ಫೋನ್ ನಂಬರನ್ನೇ ಪಾಸ್‌ವರ್ಡ್ ಮಾಡಿಕೊಟ್ಟಿದ್ದಳು. ಅದು ನನ್ನ ಅಂತಸ್ತಿಗೆ ಸಾಲದೆಂದು, ಯಾರ ಊಹೆಗೂ ನಿಲುಕದ ಹೊಸದೊಂದನ್ನು ನಾನೇ ಕಟ್ಟಿ, ಚೀಟಿಯಲ್ಲಿ ಬರೆದು ಅಂಗಿಯ ಜೇಬಿನಲ್ಲಿಟ್ಟೆ. ನನ್ನ ಹೆಂಡತಿ ಪುಟ್ಟಲಕ್ಷ್ಮಿ ಆ ಅಂಗಿಯನ್ನು ಒಗೆದಳು. ಊಹಿಸಲಾಗದವರ ಪಟ್ಟಿಗೆ ಅಂದಿನಿಂದ ನಾನೂ ಸೇರಿದೆ.

ಆದರೂ ಮಾನ್ಯರೇ, ತಮ್ಮ ಸ್ಪೇಸ್ ಬಾರಿನ ಮೇಲಿರುವ ಸುಣ್ಣದ ಕಲೆ ಎಲೆಅಡಿಕೆ ಹಾಕುವ ನನ್ನ ಹೆಬ್ಬೆರಳಿನದೇ ಎಂಬುದು ತಮಗೆ ತಿಳಿಯದ್ದೇ? ನನ್ನ ಕೆಮ್ಮು ಕೇಳಿದರೆ ಓಣಿಯ ಕೊನೆಯ ನಾಯಿಯೂ ಬಾಲ ಆಡಿಸುತ್ತದೆ. ನಾನು ರೇಷನ್ ಕಾರ್ಡು ಹಿಡಿದು ತಮ್ಮ ಮುಖದ ಮುಂದೆ ನಿಂತೆ, ಆಧಾರ್ ತೋರಿಸಿದೆ, ಇವರೇ ಇವರು ಎಂದು ಗ್ರಾಮ ಪಂಚಾಯ್ತಿ ಮೆಂಬರರಿಂದ ಬಾಯಿಮಾತಿನ ಸಾಕ್ಷಿಯನ್ನೂ ಹೇಳಿಸಿದೆ. ತಾವು ಅಲ್ಲಾಡಲಿಲ್ಲ. ಇಷ್ಟು ಕಟ್ಟುನಿಟ್ಟಿನ ಅಧಿಕಾರಿಯನ್ನು ನಾನು ಯಾವ ಕಚೇರಿಯಲ್ಲೂ ಕಂಡವನಲ್ಲ. ಮುಂದಿನ ಚುನಾವಣೆಯಲ್ಲಿ ಮತಗಟ್ಟೆಗೆ ತಮ್ಮನ್ನೇ ಹಾಕಬೇಕೆಂದು ಅರ್ಜಿ ಬರೆಯುವವನಿದ್ದೇನೆ.

ತಮ್ಮನ್ನು ಚೀಲದಲ್ಲಿ ಕೂರಿಸಿಕೊಂಡು ಬಸ್ಸಿನಲ್ಲಿ ನಂಜನಗೂಡಿಗೆ ಒಯ್ದದ್ದು ನೆನಪಿರಬಹುದು. ರಿಪೇರಿ ಅಂಗಡಿಯ ಅಮೃತೇಶ್ ತಮ್ಮನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, “ಫಾರ್ಮ್ಯಾಟ್ ಮಾಡ್ಬುಟ್ರೆ ಅರ್ಧ ಗಂಟೆ ಕೆಲ್ಸ ಸಾ. ಆದ್ರೆ ಒಳ್ಗಿರೋದೆಲ್ಲ ಅಳಿಸೋಯ್ತದೆ” ಎಂದ. ನನ್ನ ಮುಖ ನೋಡಿ ಅವನಿಗೇ ಕನಿಕರ ಹುಟ್ಟಿರಬೇಕು. “ಇಲ್ನೋಡಿ, ಮೂರು ಪ್ರಶ್ನೆ ಕೇಳ್ತಾ ಅದೆ. ಅವತ್ತು ನೀವು ಬರ್ದಿರೋ ಉತ್ರ ಬರೀರಿ, ಒಂದೂ ಕಳಿಯಕಿಲ್ಲ. ನಿಮ್ ಬದ್ಕು ನಿಮಗೇ ಗೊತ್ತಿಲ್ವಾ?” ಎಂದು ಧೈರ್ಯ ಹೇಳಿದ.

ಹುಟ್ಟಿದ ಊರು, ಓದಿದ ಮೊದಲ ಶಾಲೆ, ಮೊದಲು ಸಾಕಿದ ಪ್ರಾಣಿಯ ಹೆಸರು. ದೇವನೂರು, ಸರ್ಕಾರಿ ಶಾಲೆ, ಕೆಂಪಿ ಎಂಬ ಕುಂಟು ಕೋಳಿ ಎಂದು ನಿಜವನ್ನೇ ಒತ್ತಿದೆ. ತಾವು ತಪ್ಪು ಎಂದಿರಿ. ಅರವತ್ತನಾಲ್ಕು ವರ್ಷದ ಬಾಳಿನಲ್ಲಿ ನಾನು ನಿಜ ಹೇಳಿದ್ದೇ ಅಪರೂಪ, ಹೇಳಿದ ದಿನವೇ ಹೀಗಾಯಿತು. ಆಗ ನೆನಪಾಯಿತು: ತಾವು ನಮ್ಮ ಮನೆಗೆ ಬಂದ ದಿನ ಇವೇ ಪ್ರಶ್ನೆ ಕೇಳಿದ್ದಿರಿ, ಹೊಸಬರ ಮುಂದೆ ಕುಂಟು ಕೋಳಿಯ ಸಂಗತಿ ಎತ್ತುವುದು ಚೆನ್ನಾಗಿರದೆಂದು ನಾನು ಕೊಂಚ ಎತ್ತರದ ಉತ್ತರಗಳನ್ನು ಕೊಟ್ಟಿದ್ದೆ. ಯಾವ ಉತ್ತರ? ಅದು ನನಗೆ ಮರೆತಿತ್ತು, ತಮಗೆ ಮರೆತಿರಲಿಲ್ಲ. ಕೋರ್ಟಿನಲ್ಲಿ ನಿಜ ಹೇಳು ಎನ್ನುತ್ತಾರೆ. ಅಂದು ಹೇಳಿದ ಸುಳ್ಳನ್ನೇ ಅಕ್ಷರ ತಪ್ಪದೆ ಹೇಳು ಎನ್ನುವ ನ್ಯಾಯಾಧೀಶರು ತಾವೊಬ್ಬರೇ.

ಊರಿಗೆ ಬಂದು ಮಹಾದೇವಸ್ವಾಮಿಯ ಟೀ ಅಂಗಡಿಯಲ್ಲಿ ಸಭೆ ಕರೆದು, ತಮ್ಮ ಆಗಮನದ ಆಸುಪಾಸಿನಲ್ಲಿ ನಾನು ಏನೇನು ಹೇಳಿದ್ದೆ ಎಂದು ವಿನಯದಿಂದ ವಿಚಾರಿಸಿದೆ. “ಮಳೆಗಾಲದ್ ಸುಳ್ ಬೇಕಾ, ಬೇಸ್ಗೇದ್ ಬೇಕಾ ಕಣಣ್ಣೋ?” ಎಂದು ಮಹಾದೇವಸ್ವಾಮಿ ಲೋಟ ತೊಳೆಯುತ್ತ ಕೇಳಿದ. ಒಂದು ಗಂಟೆಯಲ್ಲಿ ಹುಟ್ಟಿದ ಊರುಗಳೇ ಒಂಬತ್ತು ಸಿಕ್ಕವು. ಒಂದೊಂದನ್ನೂ ಒತ್ತಿದೆ, ತಾವು ಒಂದೊಂದನ್ನೂ ತಳ್ಳಿದಿರಿ.

ಈ ಸಂಕಟದಲ್ಲಿದ್ದಾಗಲೇ, ಏನೂ ಅಳಿಸದೆ ಬೀಗ ತೆಗೆದುಕೊಡುತ್ತೇನೆಂದು ಫೋನಿನಲ್ಲಿ ಬಹು ಮರ್ಯಾದೆಯಿಂದ ಮಾತಾಡಿದ ಮಹನೀಯರೊಬ್ಬರಿಗೆ ಅಲ್ಪಸ್ವಲ್ಪ ದಕ್ಷಿಣೆ ಕಳಿಸಿದ್ದೂ ಉಂಟು. ಅವರು ತೆಗೆದದ್ದು ನನ್ನ ಬ್ಯಾಂಕಿನ ಬೀಗವನ್ನು. ಪುಟ್ಟಲಕ್ಷ್ಮಿಗೆ ಇನ್ನೂರು ಹೋಯಿತೆಂದೆ. ರಮ್ಯ ಒತ್ತಿ ಕೇಳಿದ್ದಕ್ಕೆ ಎರಡು ಸಾವಿರ ಎಂದೆ. ಟೀ ಅಂಗಡಿಯಲ್ಲಿ, ನಾನೇ ಅವನಿಂದ ಐನೂರು ವಸೂಲಿ ಮಾಡಿದೆನೆಂದೆ.

ಹನ್ನೊಂದನೇ ದಿನ, ಅಮೃತೇಶನ ಫಾರ್ಮ್ಯಾಟಿಗೇ ಒಪ್ಪಿಕೊಳ್ಳೋಣವೆಂದು ಮನಸ್ಸು ಮಾಡಿ, ಅಪ್ಪಣೆ ಪಡೆಯಲು ಅಕ್ಕನಿಗೆ ಫೋನ್ ಮಾಡಿದೆ. ಅವಳು ಫೋನಿಟ್ಟು, ಮೂರು ಬಸ್ಸು ಬದಲಿಸಿ ಮಧ್ಯಾಹ್ನಕ್ಕೆ ಬನ್ನೂರಿನಿಂದ ಬಂದೇಬಿಟ್ಟಳು. ನನ್ನ ಕಥೆಯನ್ನೆಲ್ಲ ಕೇಳಿ, ಸೊಂಟದ ಎಲೆಚೀಲ ಬಿಚ್ಚುತ್ತ, ಒಡೆದ ದನಿಯಲ್ಲಿ, “ಇದು ನಿಮ್ಮನೇಗ್ ಬಂದ್ ವಾರ್ದಲ್ಲೇ ಆದ ನನ್ ಮಗನ್ ಮದ್ವೇಲಿ ಬೀಗ್ರ್ ಮುಂದೆ ಏನ್ ಬಡಾಯಿ ಕೊಚ್ದೆ ಗ್ಯಾಪ್ಕ ಇಲ್ವಾ ಬಸ್ವ? ಅವ್ರು ನಗೋಕ್ ಮುಂಚೆ ನಾ ಅದ್ನ ಸೋಬಾನೆ ಆಡ್ಗೆ ಆಕ್ಬುಟ್ಟೆ ಕಣ್ಲಾ. ತೌರ್ನ ತಗ್ಗಿಸ್ಕೊಂಡ್ ಕೂರಕ್ ಆದದಾ? ಎಂಗಸ್ರು ಸೋಬಾನೆ ಆಡ್ತಾ ಅವ್ರೆ ಅಂದ್ರೆ ಬೀಗ್ರೂ ತಲೆ ಆಡುಸ್ಲೇಬೇಕು” ಎಂದಳು. ಹಾಡಲು ಆಗದೆ, ಪಾಠ ಒಪ್ಪಿಸುವವಳಂತೆ ಹೇಳಿದಳು:

ಊಟೀಲಿ ಉಟ್ಟೋನು, ಕಾನ್ವೆಂಟ್ಗೆ ಓಗೋನು,
ಬಿಜಲೀ ಕುದುರೆ ಏರೋನು, ನನ ತಮ್ಮ
ಚಪ್ರಕ್ಕೆ ಬಂದ ಸೋಬಾನೆ.

ಊಟಿ, ಕಾನ್ವೆಂಟ್, ಬಿಜಲಿ. ಒಂದೊಂದಾಗಿ ಒತ್ತಿದೆ. ತಾವು ಹೊಸ ಪಾಸ್‌ವರ್ಡ್ ಯಾವುದಿರಲಿ ಎಂದು ಸೌಜನ್ಯದಿಂದ ಕೇಳಿದಿರಿ. ಕೊಟ್ಟೆ, ಬಾಗಿಲು ತೆರೆಯಿತು. ಮೂವತ್ತೇಳಕ್ಕೆ ಮೂವತ್ತೇಳೂ ಇದ್ದವು. ಎಂಟನೆಯ ಹಾಡಿನಲ್ಲಿ ಅದೇ ಊಟಿ, ಅದೇ ಕುದುರೆ, ಹೋದ ವರ್ಷದವರೆಗೂ ಇದ್ದ ಆ ದನಿಯಲ್ಲಿ. ಅಕ್ಕ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ಬರಿಯ ತುಟಿ ಆಡಿಸುತ್ತ ಕೂತಿದ್ದಳು. ಪುಟ್ಟಲಕ್ಷ್ಮಿ ಮಿಕ್ಸಿ ಆರಿಸಿ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. ನಾನು ಮಾತ್ರ, ಅಣೆಕಟ್ಟೆ ಕಟ್ಟಿಸಿದವನಾದ್ದರಿಂದ, ಕಣ್ಣಿನ ನೀರನ್ನು ಅಲ್ಲಲ್ಲೇ ತಡೆದೆ.

ಆದಕಾರಣ ತಮ್ಮಲ್ಲಿ ಅರಿಕೆ ಇಷ್ಟೇ: ಇನ್ನು ಮುಂದೆ ನಾನು ಹೇಳುವ ಸುಳ್ಳುಗಳನ್ನೆಲ್ಲ ದಿನಾಂಕ ಸಹಿತ ದಾಖಲಿಸಿಟ್ಟುಕೊಂಡು, ಬೇಕಾದಾಗ ನಕಲು ಕೊಡುವ ಏರ್ಪಾಟು ಮಾಡತಕ್ಕದ್ದು, ನನ್ನ ಕೆಮ್ಮನ್ನು ಗುರುತಿನ ಚೀಟಿಯೆಂದು ಮಾನ್ಯ ಮಾಡತಕ್ಕದ್ದು, ಮತ್ತು ಕೆಂಪಿಯ ಹೆಸರನ್ನು ತಪ್ಪು ಎಂದದ್ದಕ್ಕೆ ನಮ್ಮ ಕೋಳಿಗೂಡಿನ ಎದುರು ಕ್ಷಮೆ ಕೇಳತಕ್ಕದ್ದು.

ಹನ್ನೊಂದು ದಿನ ತಮ್ಮ ಹೊಸ್ತಿಲು ಕಾದ,
ತಮ್ಮ ವಿಶ್ವಾಸಿ,
ಪುಟ್ಟಬಸವಯ್ಯ
(ಜನನ: ಊಟಿ, ತಮ್ಮ ದಾಖಲೆಯಂತೆ)

ಮರೆತ ಮಾತು: ಹೊಸ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದಿಲ್ಲ. ನಾನು ಸಾಯುವವರೆಗೂ ಮರೆಯಲಾರದ, ಯಾರಿಗೂ ಹೇಳಿರದ ಒಂದೇ ಒಂದು ನಿಜವನ್ನು ಪಾಸ್‌ವರ್ಡ್ ಮಾಡಿದ್ದೇನೆ: ಫೋನಿನ ಆ ಮಹನೀಯರಿಗೆ ಹೋದ ಹಣದ ಲೆಕ್ಕ. ಆದರೆ ನಾಳೆ ನನಗೇನಾದರೂ ಆದರೆ ಅಕ್ಕನ ದನಿ ಮತ್ತೆ ಒಳಗೇ ಉಳಿದೀತು. ಅದಕ್ಕೇ ಈ ಪತ್ರವನ್ನು ಊರಿನ ಹಾಲಿನ ಡೇರಿಯ ಗೋಡೆಗೆ ಅಂಟಿಸಿ, ಒಂದು ಪ್ರತಿ ಬನ್ನೂರಿಗೂ ಕಳಿಸುತ್ತಿದ್ದೇನೆ. ಕಳ್ಳರು ಓದಿದರೆ ಓದಲಿ, ಬಂದು ಹಾಡು ಕೇಳಿಕೊಂಡು ಹೋಗಲಿ. ಪುಟ್ಟಲಕ್ಷ್ಮೀ, ಇನ್ನೂರಲ್ಲ. ರಮ್ಯ, ಎರಡು ಸಾವಿರವೂ ಅಲ್ಲ ಕಣವ್ವ. ಹದಿನಾಲ್ಕು ಸಾವಿರದ ಮುನ್ನೂರ ಐವತ್ತು. ಅಂಕಿಗಳನ್ನು ಮಾತ್ರ ಒತ್ತಿರಿ. ರೂಪಾಯಿ ಎಂದು ಸೇರಿಸಬೇಡಿ, ಅದು ಹೋಯಿತು.